ಹಿನ್ನೀರಿನ ದಡಕ್ಕೆ ಹಗ್ಗ ಕಟ್ಟಿದ ಸಂಸಾರ

ನೆಲದ ಮೇಲೆ ಮನೆ ಮಾಡಿಕೊಂಡವರಿಗೆ ವರ್ಷಕ್ಕೊಂದು ನಗುವಂಥ ಸಂಗತಿ ನಡೆದರೆ ಹೆಚ್ಚು. ನೀರಿನ ಮೇಲೆ ಮನೆ ಮಾಡಿಕೊಂಡರೆ ಬೆಳಿಗ್ಗೆ ಮುಖ ತೊಳೆಯುವಷ್ಟರಲ್ಲಿ ಒಂದು ನಡೆದುಹೋಗಿರುತ್ತದೆ. ನನಗೆ ಬರೆದು ಅಭ್ಯಾಸವಿಲ್ಲ, ಗೇಟು ಗ್ರಿಲ್ಲು ಬೆಸೆದು ಅಭ್ಯಾಸ. ಆದ್ದರಿಂದ ಮೊದಲು ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ಹೆಚ್ಚು ಬಿಡಿಸಿದೆ ಅನ್ನಿಸಿದರೆ ಆ ಭಾಗ ಬಿಟ್ಟು ಓದಿಕೊಳ್ಳಿ.

ಹುಣಸೂರಿನಲ್ಲಿ ನನ್ನದೊಂದು ವೆಲ್ಡಿಂಗ್ ಶಾಪ್ ಇತ್ತು. ಅದನ್ನು ಮಗನಿಗೆ ಒಪ್ಪಿಸಿ, ಕಬ್ಬಿಣದ ತಗಡಿನಲ್ಲಿ ನಾನೇ ಒಂದು ದೋಣಿ ಮಾಡಿದೆ. ದೋಣಿ ಎಂದರೆ ಬಿದಿರಿನ ಹರಿಗೋಲಲ್ಲ. ಮೇಲೆ ಶೀಟಿನ ಮಾಡು, ಒಳಗೆ ಒಲೆ, ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ, ಹಿಂದೆ ಇಂಜಿನ್ನು. ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರು ಇದೆಯಲ್ಲ, ಅಂದರೆ ಅಣೆಕಟ್ಟಿನಿಂದಾಗಿ ಹಿಂದಕ್ಕೆ ನಿಂತ ನೀರು, ಅದು ಊರೂರಿನ ನಡುವೆ ಬೆರಳು ತೂರಿಸಿದ ಹಾಗೆ ಹರಡಿಕೊಂಡಿದೆ. ರಸ್ತೆಯಲ್ಲಿ ಸುತ್ತಿ ಬಳಸಿ ಹೋಗಬೇಕಾದ ಊರು ನೀರಿನಲ್ಲಿ ಎದುರಿಗೇ ಕಾಣುತ್ತದೆ. ದೋಣಿಯಲ್ಲೇ ಇದ್ದುಕೊಂಡು ಊರಿಂದೂರಿಗೆ ಹೋಗಿ ಗ್ಯಾಸ್ ವೆಲ್ಡಿಂಗ್ ಮಾಡಿಕೊಡೋಣ ಎಂಬುದು ನನ್ನ ಯೋಚನೆ. ಪರವಾನಗಿ ಹೇಗೆ ಸಿಕ್ಕಿತು ಎಂದು ಕೇಳಬೇಡಿ. ಅದನ್ನು ಬರೆಯಲು ಹೊರಟರೆ ಇದನ್ನು ಬರೆಯಲು ಆಗುವುದಿಲ್ಲ.

ಎರಡು ಊರು ಮುಗಿಸುವಷ್ಟರಲ್ಲಿ ಇಂಜಿನ್ನು ಕೆಟ್ಟಿತು. ಹತ್ತಿರದ ಊರಿನ ದಡಕ್ಕೆ ಹಗ್ಗ ಕಟ್ಟಿದೆವು. ನಾಲ್ಕು ದಿನ ಇದ್ದು ಹೋಗೋಣ ಎಂದುಕೊಂಡಿದ್ದು ಬೇಸಿಗೆಯಲ್ಲಿ. ಗೌರಿ ಹಬ್ಬ ಬಂದರೂ ಅಲ್ಲೇ ಇದ್ದೆವು.

ಇನ್ನೊಂದು ಮಾತು ಹೇಳಲೇಬೇಕು, ಇಲ್ಲವಾದರೆ ಕೊನೆಯ ಪ್ರಸಂಗ ಅರ್ಥವಾಗುವುದಿಲ್ಲ. ನನ್ನ ಹೆಂಡತಿಗೆ ತಂದೆತಾಯಿ ಇಲ್ಲ. ಅವಳನ್ನು ಸಾಕಿ, ಮದುವೆ ಮಾಡಿಕೊಟ್ಟವರು ಗಾವಡಗೆರೆ ಕಡೆಯ ಅವಳ ಅಣ್ಣ, ಅಂದರೆ ನನ್ನ ಭಾವ. ನಾವು ಹುಣಸೂರು ಬಿಟ್ಟ ದಿನ ಅವರು ಬಂದು ನಿಂತು, “ಭಾವ, ನಿಮ್ಗೆ ನೀರಿನ ಹುಚ್ಚು ಹಿಡ್ದದೆ, ಹಿಡೀಲಿ. ನನ್ ತಂಗೀನ ಯಾಕ್ ತೇಲುಸ್ತೀರಿ? ನೆಲ ಮುಟ್ಟದ ಮನೇಲಿ ನಾನು ಎಲೆ ಮುಟ್ಟಾಕಿಲ್ಲ” ಎಂದು ಹೇಳಿ ಹೋಗಿಬಿಟ್ಟರು.

ಹೆಂಡತಿಗೆ ದೋಣಿ ಇಷ್ಟವೇ ಆಗಿತ್ತು. ಆದರೂ ಅವಳು ಖಡಾಖಂಡಿತವಾಗಿ ಹೇಳಿದಳು: “ಗೌರಿ ಹಬ್ಬದೊಳಗೆ ಅಣ್ಣಯ್ಯ ಬಂದು ಇಲ್ಲಿ ಉಣ್ಣದೆ ಇದ್ರೆ ನಾನು ವಾಪಸ್ ಹೊಂಟೆ. ತೌರೋರು ಉಣ್ಣದ ಮನೇಲಿ ನಾನಿರಾಕಿಲ್ಲ. ನೀವು ಮೀನುಗಳ ಜೊತೆ ಸಂಸಾರ ಮಾಡ್ಕೊಂಡಿರಿ.”

ಅಷ್ಟೇ ವಿಷಯ. ಇನ್ನು ಪ್ರಸಂಗಗಳು.

ಎಮ್ಮೆ ಎಳೆದ ಮನೆ

ದಡದಲ್ಲಿ ಒಂದು ಗೂಟ ಹೊಡೆದು ದೋಣಿಯ ಹಗ್ಗವನ್ನು ಅದಕ್ಕೆ ಕಟ್ಟಿದ್ದೆ. ಊರಿನ ಅಜ್ಜಿಯೊಬ್ಬರು ದಿನಾ ಅಲ್ಲಿ ಎಮ್ಮೆ ಮೇಯಿಸುತ್ತಿದ್ದರು. ಒಂದು ಬೆಳಿಗ್ಗೆ ಅವರು, ಯಾರೋ ಪುಣ್ಯಾತ್ಮರು ಗೂಟ ಹೊಡೆದಿದ್ದಾರೆ ಅಂದುಕೊಂಡು, ಎಮ್ಮೆಯನ್ನೂ ಅದಕ್ಕೇ ಕಟ್ಟಿ ಸೌದೆ ಆಯಲು ಹೋದರು. ಒಂದೇ ಗೂಟಕ್ಕೆ ಒಂದು ಕಡೆ ನಾವು, ಇನ್ನೊಂದು ಕಡೆ ಎಮ್ಮೆ.

ಬಿಸಿಲೇರಿತು. ಎಮ್ಮೆಗೆ ನೀರು ಕಂಡರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿದೆ. ಅದು ಗೂಟ ಕಿತ್ತುಕೊಂಡು ನೀರಿಗೆ ಇಳಿದು ಈಜತೊಡಗಿತು. ಎಮ್ಮೆಯ ಹಿಂದೆ ಗೂಟ, ಗೂಟದ ಹಿಂದೆ ನಾವು. ಒಳಗೆ ಕಾಫಿ ಕುಡಿಯುತ್ತಿದ್ದ ನನಗೆ ಇದು ತಿಳಿಯಲಿಲ್ಲ. “ಇಂಜಿನ್ ಸರಿ ಹೋಯ್ತೇನ್ರೀ?” ಎಂದು ಹೆಂಡತಿ ಕೇಳಿದಳು. ಇಣುಕಿ ನೋಡಿದರೆ ದಡ ದೂರದಲ್ಲಿದೆ, ಮುಂದೆ ಎರಡು ಕೊಂಬು ತೇಲುತ್ತಿವೆ.

ಅಷ್ಟರಲ್ಲಿ ಅಜ್ಜಿ ಸೌದೆ ಹೊರೆಯನ್ನು ಬಿಸಾಕಿ ದಡದಲ್ಲಿ ಎದೆ ಬಡಿದುಕೊಳ್ಳುತ್ತಿದ್ದರು. ನಮ್ಮ ಮೇಲಿನ ಕನಿಕರಕ್ಕೆ ಎಂದು ತಿಳಿದು ನಾನು ಕೈ ಬೀಸಿ, “ಏನೂ ಆಗಿಲ್ಲ ಅಜ್ಜಿ, ಗಾಬ್ರಿ ಆಗ್ಬೇಡಿ” ಎಂದು ಕೂಗಿದೆ.

ಅಜ್ಜಿ ಊರಿಗೆಲ್ಲ ಕೇಳುವಂತೆ ಕೂಗಿದರು: “ಬನ್ರಲಾ, ಓಡ್ಬನ್ರಲಾ! ಕಬ್ಬಿಣದೋನು ಮನೆ ಸಮೇತ ಬಂದು ನನ್ನ ಎಮ್ಮೆ ಹೊಡ್ಕೊಂಡ್ ಹೋಯ್ತಾವ್ನೆ!”

ದಡದ ಮೆಕ್ಯಾನಿಕ್

ಬೆಸುಗೆ ಹಾಕುವವನಿಗೆ ಇಂಜಿನ್ನೂ ಬರುತ್ತದೆ ಎಂದು ಜನ ತಿಳಿಯುತ್ತಾರೆ. ಬರುವುದಿಲ್ಲ. ಟೈಲರಿಗೆ ಹತ್ತಿ ಬೆಳೆಯಲು ಬರುತ್ತದೆಯೇ, ಹಾಗೆ. ಆದ್ದರಿಂದ ಕೆ.ಆರ್. ನಗರದಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ. ಟಿಲ್ಲರ್, ಪಂಪ್‌ಸೆಟ್ ರಿಪೇರಿಯಲ್ಲಿ ಆತನದು ಎತ್ತಿದ ಕೈ ಎಂದು ಹೇಳಿದ್ದರು.

ಆತ ಬಂದ, ದಡದಲ್ಲಿ ಸಾಮಾನಿನ ಚೀಲ ಇಳಿಸಿದ, ದೋಣಿಗೆ ಹಾಕಿದ್ದ ಹಲಗೆಯನ್ನು ನೋಡಿದ, ನೀರನ್ನು ನೋಡಿದ.

“ಗಾಡೀನ ಮೇಲಕ್ಕೆ ತನ್ನಿ ಸಾರ್.”

“ಇದು ಗಾಡಿಯಲ್ಲಪ್ಪ, ದೋಣಿ. ಮೇಲೆ ಬರಲ್ಲ. ನೀನೇ ಬಾ.”

“ನಂಗೆ ಈಜು ಬರಾಕಿಲ್ಲ ಸಾರ್.”

“ಈಜೋದು ಯಾಕೆ? ಹಲಗೆ ಮೇಲೆ ನಾಲ್ಕು ಹೆಜ್ಜೆ.”

“ಬೀಳೋದಿಕ್ಕೆ ಒಂದೇ ಹೆಜ್ಜೆ ಸಾಕಲ್ಲ ಸಾರ್.”

ಕೊನೆಗೆ ಆತ ಹೊಂಗೆ ಮರದ ನೆರಳಿನಲ್ಲಿ ಕುಳಿತು ಅಲ್ಲಿಂದಲೇ ಕೂಗಿ ಹೇಳುವುದು, ನಾವು ಇಲ್ಲಿ ಮಾಡುವುದು ಎಂದಾಯಿತು. ನಾನು ಬಗ್ಗಿದರೆ ಸೊಂಟ ಹಿಡಿಯುತ್ತದೆ, ಹಾಗಾಗಿ ಇಂಜಿನ್ನಿನ ಬುಡಕ್ಕೆ ಹೆಂಡತಿ ಕುಳಿತಳು. “ಅಕ್ಕಾ, ಎಡಗಡೆ ನಟ್ಟು ಬಿಚ್ಚಿ. ಪೈಪಿಗೆ ಬಾಯಿ ಇಟ್ಟು ಊದಿ. ಏನ್ ಬಂತು?” “ಡೀಸೆಲ್ ಬಂತು, ಥೂ!” “ಬಂದ್ರೆ ಸರಿಯಾಗೈತೆ. ಮುಚ್ಚಿ.” ಮಧ್ಯಾಹ್ನದವರೆಗೆ ಹೀಗೇ ನಡೆಯಿತು. ಮಧ್ಯೆ ಆತನಿಗೆ ಎರಡು ಸಲ ಟೀ ಹೋಯಿತು.

ಕಡೆಗೆ ಇಂಜಿನ್ನು ಡಬಡಬ ಎಂದು ಶುರುವಾಯಿತು. ನಾವು ಕುಣಿಯುವುದೊಂದು ಬಾಕಿ. ಆದರೆ ದೋಣಿ ಮಾತ್ರ ಕದಲಲಿಲ್ಲ. ನೀರೊಳಗೆ ತಿರುಗಬೇಕಾದ ಫ್ಯಾನು ತಿರುಗುತ್ತಿರಲಿಲ್ಲ, ಅದನ್ನು ಇಂಜಿನ್ನಿಗೆ ಜೋಡಿಸುವ ಶಾಫ್ಟ್ ಮುರಿದಿತ್ತು.

“ಏನಪ್ಪ, ಮುಂದಕ್ಕೇ ಹೋಗ್ತಿಲ್ಲವಲ್ಲ!”

ಆತ ಆಗಲೇ ಚೀಲ ಹೆಗಲಿಗೆ ಹಾಕಿದ್ದ. “ಸ್ಟಾರ್ಟ್ ಆಯ್ತಲ್ಲ ಸಾರ್? ನನ್ ಕೆಲ್ಸ ಅಷ್ಟೇಯ. ನೀರೊಳಗಿಂದು ನೀರಿನೋರನ್ನೇ ಕೇಳಿ.” ಹೊರಡುವ ಮುನ್ನ ನನ್ನ ಹೆಂಡತಿಗೆ ಕೈ ಮುಗಿದು, “ಅಕ್ಕ, ಕೈ ಚೆನ್ನಾಗೈತೆ. ಬಿಡುವಾದಾಗ ನಮ್ಮ ಅಂಗಡಿ ಕಡೆ ಬನ್ನಿ” ಎಂದ.

ನನ್ನನ್ನು ಕರೆಯಲಿಲ್ಲ.

ಚಪ್ಪಲಿ ಬಿಟ್ಟು ಬಂದವರು

ಶಾಫ್ಟಿಗೆ ಕೇರಳದಲ್ಲಿ ಹೇಳಿದ್ದೆವು. ಅದು ಬರಬೇಕಾದ ಕಡೆಯಿಂದ ಮೊದಲು ಮಳೆ ಬಂತು. ಮಳೆ ಎಂದರೆ ನಮ್ಮಲ್ಲಿ ಅಲ್ಲ. ಕಬಿನಿ ಹುಟ್ಟುವ ವಯನಾಡಿನಲ್ಲಿ ಸುರಿದರೆ ಇಲ್ಲಿ ಬಿಸಿಲಿರುವಾಗಲೇ ಹಿನ್ನೀರು ಏರುತ್ತದೆ. ಹೊರಗಿನವರು ಇದನ್ನು ನಂಬುವುದಿಲ್ಲ.

ಪಿರಿಯಾಪಟ್ಟಣ ಕಡೆಯ ರೈತರೊಬ್ಬರು ನಾವು ಹಗ್ಗ ಕಟ್ಟಿದ ಊರಿನ ಅಳಿಯ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಕೊಳವೆ ತೂತಾಗಿದೆ ಎಂದು ಹೊತ್ತುಕೊಂಡು ಬಂದರು. ಮರ್ಯಾದಸ್ಥರು. ಮನೆಯೊಳಗೆ ಹೋಗುವಾಗ ಹೊರಗೆ ಬಿಡಬೇಕಲ್ಲ, ಹೊಸ ಚಪ್ಪಲಿಯನ್ನು ನೀರಿನ ಅಂಚಿನಲ್ಲಿ ಜೋಡಿಸಿ ಬಿಟ್ಟು ಬಂದರು. ಕೊಳವೆ ಬೆಸೆದೆ, ಊಟವಾಯಿತು, ಸೊಪ್ಪಿನ ರೇಟಿನ ಬಗ್ಗೆ ಮಾತಾಯಿತು. ಹೊರಗೆ ಬಂದರೆ ಚಪ್ಪಲಿಯೂ ಇಲ್ಲ, ಚಪ್ಪಲಿ ಬಿಟ್ಟ ಜಾಗವೂ ಇಲ್ಲ. ಎರಡೂ ಚಪ್ಪಲಿ ಜೋಡಿಯಾಗಿ, ಗಂಡ ಹೆಂಡತಿ ಗುಡಿಗೆ ಹೊರಟ ಹಾಗೆ, ನಡುನೀರಿನಲ್ಲಿ ಹೋಗುತ್ತಿದ್ದವು.

“ಬೇಜಾರ್ ಮಾಡ್ಕೋಬೇಡಿ” ಎಂದೆ.

“ಬೇಜಾರೇನಿಲ್ಲ ಬುಡಿ. ಇನ್ಮೇಲೆ ಹೆಂಗ್ ಬರ್ಬೇಕು ಅಂತ ಗೊತ್ತಾಯ್ತು” ಎಂದರು.

ಮುಂದಿನ ವಾರ ಮತ್ತೊಂದು ಕೊಳವೆ ತಂದರು. ಬರಿಗಾಲು. ಹೆಗಲಿನಲ್ಲಿ ಟವೆಲಿನ ಗಂಟು. ಹೆಂಡತಿ ಎದುರು ಹೋಗಿ, “ಅಯ್ಯೋ, ಯಾಕಣ್ಣ ಇದೆಲ್ಲ ತರಾಕೆ ಹೋದ್ರಿ?” ಎಂದು ಎರಡೂ ಕೈಯಲ್ಲಿ ಗಂಟು ಇಸಿದುಕೊಂಡು ಒಳಗೆ ಹೋದಳು. ಅವರಿಗೆ ಬಾಯಿ ಬಿಡಲು ಅವಕಾಶವಾಗಲಿಲ್ಲ. ಹಳ್ಳಿಯವರು ಬರಿಗೈಯಲ್ಲಿ ಬರುವುದಿಲ್ಲವಲ್ಲ, ಹೀರೇಕಾಯಿಯೋ ಬದನೆಕಾಯಿಯೋ ಇರಬೇಕು ಎಂಬುದು ಅವಳ ಲೆಕ್ಕ.

ಒಲೆಯ ಪಕ್ಕ ಮೊರ ಇಟ್ಟು ಗಂಟು ಬಿಚ್ಚಿದಳು. ಒಳಗೆ ಹೊಚ್ಚ ಹೊಸ ಚಪ್ಪಲಿ ಜೋಡಿ.

ರಂಗೋಲಿಯ ಫಲ

ಇದು ಚಿಕ್ಕದು. ದೋಣಿಯ ಬಾಗಿಲ ಮುಂದೆ ನೀರು, ರಂಗೋಲಿ ಎಲ್ಲಿ ಬಿಡುವುದು? ಹೆಂಡತಿ ದಡದಲ್ಲೇ, ಬಾಗಿಲಿಗೆ ನೇರವಾಗಿ ಬಿಡುತ್ತಿದ್ದಳು. ಗಾಳಿ ಬೀಸಿದರೆ ದೋಣಿ ಪಕ್ಕಕ್ಕೆ ಸರಿದು, ರಂಗೋಲಿಯು ಮೀನು ಹಿಡಿಯುವವನೊಬ್ಬನ ಹರಿಗೋಲಿನ ಮುಂದೆ ಉಳಿಯುತ್ತಿತ್ತು.

ಒಂದು ದಿನ ಜ್ವರ ಬಂದು ಅವಳು ಏಳಲಿಲ್ಲ. ಮೀನಿನವನು ದಡದಲ್ಲಿ ನಿಂತು ಕೂಗಿದ. “ಅಕ್ಕೋ, ಹುಷಾರಿಲ್ವಾ? ಹೇಳ್ಬಾರ್ದಾ? ನೀವು ರಂಗೋಲಿ ಬುಡಾಕೆ ಸುರು ಮಾಡಿದ್ಮೇಲೆ ನಂಗೆ ಬಾಳ ಮೀನ್ ಬೀಳ್ತಾವೆ. ಇವತ್ತು ಒಂದೂ ಬಿದ್ದಿಲ್ಲ.”

ಅವಳು ಹೊದಿಕೆಯೊಳಗಿಂದಲೇ, “ನಾಳೆ ಬುಡ್ತೀನಿ ಕಣಪ್ಪ” ಎಂದಳು.

“ನಾಳೆ ಸಂತೆ ಅಕ್ಕ. ವಸಿ ದೊಡ್ಡದಾಗೇ ಬುಡಿ.”

ಹಾಲುಕ್ಕಿದ್ದು

ಗೌರಿ ಹಬ್ಬ ಬಂತು. ಹಬ್ಬಕ್ಕೆ ಅಣ್ಣನಾದವನು ತಂಗಿಗೆ ಬಾಗಿನ ತಂದುಕೊಡಬೇಕು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ ಇಟ್ಟು ಕೊಡುವುದು. ಇದನ್ನು ತಪ್ಪಿಸುವ ಅಣ್ಣ ನಮ್ಮ ಕಡೆ ಇಲ್ಲ, ಎಷ್ಟೇ ಮುನಿಸಿರಲಿ. ಹೆಂಡತಿ ಬೆಳಿಗ್ಗೆಯೇ ಸೀರೆಗಳನ್ನು ಟ್ರಂಕಿಗೆ ಜೋಡಿಸಿ, ಟ್ರಂಕನ್ನು ಬಾಗಿಲ ಬಳಿ ಇಟ್ಟಿದ್ದಳು. ಜೊತೆಗೆ ಒಬ್ಬಟ್ಟನ್ನೂ ಮಾಡಿದ್ದಳು. ಎರಡಕ್ಕೂ ತಯಾರು.

ಭಾವ ಮೊರ ಹಿಡಿದು ದಡದಲ್ಲಿ ನಿಂತರು. “ಬಾರವ್ವ, ತಕ್ಕೋ.”

“ಒಳಗೆ ಬಂದು ಕೊಡು ಅಣ್ಣಯ್ಯ. ಬಾಗಿನ ಬೀದೀಲಿ ತಗೊಳ್ತಾರಾ?”

“ಮನೆ ಆಗಿದ್ರೆ ಬತ್ತಿದ್ದೆ. ಇದು ಮನೆಯೇನವ್ವ? ಹಾಲುಕ್ಕಿಸಿದ್ರಾ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೊಸ ಮನೆಗೆ ಹೋದರೆ ಮೊದಲು ಹಾಲುಕ್ಕಿಸಬೇಕು. ಎಂಥ ಬಡವರೂ ಮಾಡುತ್ತಾರೆ. ದೋಣಿ ಎಂಬ ಗುಂಗಿನಲ್ಲಿ ನಾವು ಮರೆತೇಬಿಟ್ಟಿದ್ದೆವು.

“ಈಗ್ಲೇ ಉಕ್ಕುಸ್ತೀನಿ” ಎಂದಳು.

“ಉಕ್ಕುಸು. ಮೂಡ್ಲಿಗೆ ಉಕ್ಕುದ್ರೆ ಉಂಡೇ ಹೋಯ್ತೀನಿ. ಪಡುವ್ಲಿಗೆ ಉಕ್ಕುದ್ರೆ ಆ ಟ್ರಂಕು ಹೊತ್ಕೊಂಡು ನಿನ್ನೂ ಕರ್ಕೊಂಡ್ ಹೋಯ್ತೀನಿ.” ಮೂಡಲು ಎಂದರೆ ಪೂರ್ವ, ಪಡುವಲು ಎಂದರೆ ಪಶ್ಚಿಮ.

ಅದನ್ನು ಕಣ್ಣಾರೆ ನೋಡಲು ಭಾವ ಹಲಗೆ ದಾಟಿ ಒಳಗೆ ಬಂದು, ಬಾಗಿಲ ಬಳಿ, ಟ್ರಂಕಿನ ಪಕ್ಕದಲ್ಲೇ ಕುಳಿತರು. ನಮ್ಮ ಭಾವ ಸಣ್ಣ ಆಸಾಮಿಯಲ್ಲ. ಅವರು ಗದ್ದೆಗೆ ಇಳಿದರೆ ಕೆಸರು ಪಕ್ಕದ ಗದ್ದೆಗೆ ಹೋಗುತ್ತದೆ. ಹಾಲುಕ್ಕುವುದನ್ನು ನೋಡಲು ಎಮ್ಮೆಯ ಅಜ್ಜಿಯೂ ಬಂದು ಅವರ ಪಕ್ಕ ಕುಳಿತರು.

ದಡವಿದ್ದದ್ದು ಪಶ್ಚಿಮಕ್ಕೆ. ಬಾಗಿಲೂ ಪಶ್ಚಿಮಕ್ಕೆ. ಬಂದವರೆಲ್ಲ ಆ ಕಡೆಯೇ ಕುಳಿತರೆ ದೋಣಿ ಏನು ಮಾಡುತ್ತದೆ? ಆ ಕಡೆಗೇ ವಾಲುತ್ತದೆ. ದೋಣಿ ವಾಲಿದರೆ ಒಲೆ ವಾಲುತ್ತದೆ, ಒಲೆ ವಾಲಿದರೆ ಪಾತ್ರೆ, ಪಾತ್ರೆ ವಾಲಿದರೆ ಹಾಲು. ಇದಕ್ಕೆ ಶಾಸ್ತ್ರ ಓದಬೇಕಾಗಿಲ್ಲ.

ಹಾಲು ಕಾದಿತು. ಕೆನೆ ಕಟ್ಟಿತು. ಅಂಚಿನಲ್ಲಿ ಸಣ್ಣಗೆ ನೊರೆ ಎದ್ದಿತು, ಪಶ್ಚಿಮದ ಅಂಚಿನಲ್ಲಿ. ಹೆಂಡತಿ ಸೆರಗನ್ನು ಬಾಯಿಗೆ ಇಟ್ಟುಕೊಂಡಳು. ಕಣ್ಣು ತುಂಬಿತ್ತು. ನಾನು ಪೂರ್ವಕ್ಕೆ ಹೋಗಿ ಕೂರೋಣವೆಂದರೆ, ನನ್ನ ಮೈಯಲ್ಲಿರುವ ತೂಕಕ್ಕೆ ನೀರಿನ ಹುಳವೂ ಕದಲುವುದಿಲ್ಲ. ಅಲ್ಲದೆ ಎಲ್ಲರೂ ನೋಡುತ್ತಿದ್ದರು.

ಭಾವ ಹಾಲನ್ನು ನೋಡಿದರು. ತಂಗಿಯ ಮುಖವನ್ನು ನೋಡಿದರು. ಮತ್ತೆ ಹಾಲನ್ನು ನೋಡಿದರು. ಆಮೇಲೆ ಒಂದು ಸಲ ಕೆಮ್ಮಿ, “ಥೂ, ಇಲ್ಲಿ ಬಿಸ್ಲು ಕಣ್ರೀ” ಎಂದು ಎದ್ದರು. ಹೊರಗೆ ಮೋಡ ಕವಿದಿತ್ತು. ಒಲೆಯನ್ನು ಬಳಸಿಕೊಂಡು ನಡೆದು, ಪೂರ್ವದ ಅಂಚಿಗೆ ಹೋಗಿ, ಧೊಪ್ಪನೆ ಕುಳಿತರು.

ದೋಣಿ ಅತ್ತ ವಾಲಿತು. ಹಾಲು ಬುಸ್ಸೆಂದು ಮೂಡಲಿಗೇ ಉಕ್ಕಿತು. ಉಕ್ಕಿ, ಒಲೆ ಇಳಿದು, ತಗಡಿನ ಮೇಲೆ ಹರಿದು, ನೇರವಾಗಿ ಭಾವನ ಬಿಳಿ ಪಂಚೆಯ ಬಳಿಗೆ ಹೋಗಿ ನಿಂತಿತು.

ಅಜ್ಜಿ, “ನೀ ಎದ್ದೋಗಿ ಕೂತಿದ್ಕೇ ಕಣಪ್ಪ ಅದು...” ಎಂದು ಶುರು ಮಾಡಿದರು.

“ಸುಮ್ಕಿರಜ್ಜಿ!” ಎಂದರು ಭಾವ. “ನಾನ್ ಪಾತ್ರೆ ಮುಟ್ಟಿದ್ನಾ? ಮುಟ್ಲಿಲ್ಲ. ತಾನಾಗೇ ಉಕ್ತು. ದೇವ್ರು ಕೊಟ್ಟಿದ್ದು. ಎಲೆ ಹಾಕವ್ವ.”

ಹೆಂಡತಿ ಅಳುತ್ತಲೇ ನಗುತ್ತಲೇ ಎಲೆ ಹಾಕಿದಳು. ಭಾವ ಬಾಗಿನ ಕೊಟ್ಟರು, ಒಬ್ಬಟ್ಟು ತಿಂದರು, ಎರಡು ಸಲ ಅನ್ನ ಹಾಕಿಸಿಕೊಂಡರು. ಎಲ್ಲರ ಊಟವೂ ಮುಗಿಯಿತು. ನಾನು ಬಾಗಿಲ ಬಳಿ ಚೊಂಬು ಹಿಡಿದು ನಿಂತು, “ಭಾವ, ಬನ್ನಿ, ಕೈ ತೊಳ್ಕೊಳ್ಳಿ” ಎಂದೆ.

ಭಾವ ಕದಲಲಿಲ್ಲ. ಎಂಜಲು ಕೈಯನ್ನು ಮೇಲೆತ್ತಿಕೊಂಡು, ಪಂಚೆಯ ಅಂಚಿನಲ್ಲಿ ನಿಂತಿದ್ದ ಹಾಲನ್ನೇ ಕಾವಲು ಕಾಯುವವರಂತೆ ನೋಡುತ್ತಾ ಮೆಲ್ಲಗೆ ಹೇಳಿದರು:

“ನೀರು ಇಲ್ಲಿಗೇ ತನ್ನಿ ಭಾವ. ಮೊದ್ಲು ಯಾರಾದ್ರೂ ಬಟ್ಟೆ ತಂದು ಈ ಹಾಲು ಒರೆಸ್ರಪ್ಪ. ನಾನ್ ಎದ್ರೆ ಇದು ಪಡುವ್ಲಿಗೆ ಹೊಂಟೋಯ್ತದೆ.”