ಅರಮನೆಯ ವಶದಲ್ಲಿರುವ ಗೋಲು

ಬಹಳ ಹಿಂದೆ, ಅಂದರೆ ಮಾರ್ಕೆಟಿಂಗ್ ವಿಭಾಗ ಹುಟ್ಟಿ ನಾಚಿಕೆ ಸತ್ತ ಕಾಲದಲ್ಲಿ, ಜಯಘೋಷಪುರವೆಂಬ ರಾಜ್ಯವಿತ್ತು. ಅಲ್ಲಿ ಮಹಾರಾಜ ಉದ್ದಂಡವರ್ಮರ ಹೆಸರಿನದೊಂದು ಕಾಲೇಜು. ಒಳಗೆ ಪಾಠ ನಡೆಯುತ್ತದೆಯೇ ಎಂದು ಯಾರೂ ವಿಚಾರಿಸಿದವರಲ್ಲ. ಅದರ ಫುಟ್‌ಬಾಲ್ ತಂಡದ ಹೆಸರು ಮಾತ್ರ ಹಾಲುಗಲ್ಲದ ಕೂಸುಗಳಿಗೂ ಗೊತ್ತು. ನೆರೆರಾಜ್ಯದ ಕಾಲೇಜಿನೊಂದಿಗೆ ವರ್ಷಕ್ಕೊಂದು ಪಂದ್ಯ. ಹತ್ತೊಂಬತ್ತು ವರ್ಷದಿಂದ ತಪ್ಪದೆ ಸೋಲು. ಆದರೂ ಕ್ರೀಡಾಂಗಣದಲ್ಲಿ ಎಳ್ಳು ಬಿದ್ದರೆ ನೆಲ ಮುಟ್ಟದಷ್ಟು ಜನ! "ಮುಂದಿನ ವರ್ಷ ನೋಡ್ಕೊಳ್ಳಿ" ಎನ್ನುತ್ತ, ಬಾಗಿಲಲ್ಲೇ ಮುಂದಿನ ವರ್ಷದ ಹಳದಿ ಜೆರ್ಸಿ ಕೊಂಡು ಮನೆಗೆ ಹೋಗುವುದು ಆ ಊರಿನ ವಾಡಿಕೆ.

ತರಬೇತುದಾರ ಚೆಲುವಯ್ಯ ಮಾಸ್ತರಿಗೆ ಮಾತ್ರ ಈ ವಾಡಿಕೆ ನುಂಗಲಾರದ ತುತ್ತು. ಈ ಪಂದ್ಯದ ಮರುದಿನವೇ ಅವರ ನಿವೃತ್ತಿ. ಒಂದೇ ಒಂದು ಗೆಲುವು ಕಣ್ಣಾರೆ ಕಂಡು ಹೋಗಬೇಕೆಂದು ಅವರು ಹರಕೆ ಹೊತ್ತಿದ್ದರು. ಪುಣ್ಯಕ್ಕೆ ಈ ಸಲ ಮಾಚಯ್ಯನೆಂಬ ಒಳ್ಳೆಯ ಆಟಗಾರ ಸಿಕ್ಕಿದ್ದ.

ವಿಷಯ ತಿಳಿದು, ಅರಮನೆಯ ಜೆರ್ಸಿ ವ್ಯಾಪಾರ ನೋಡಿಕೊಳ್ಳುವ ವಿಪಣಿ ಮಂತ್ರಿ ಲಾಭಾಂಕುಶರು ಮೈದಾನಕ್ಕೇ ದಯಮಾಡಿಸಿದರು.

"ಏನ್ರೀ ಮಾಸ್ತರೇ, ಗೆಲ್ಲೋ ಯೋಚನೆ ಏನಾದ್ರೂ ಇದೆಯಾ?"

"ಆಟ ಅಂದ್ಮೇಲೆ ಇರತ್ತಲ್ಲ ಸ್ವಾಮಿ."

"ಕೆಟ್ಟಿತು! ಸರ್ವೇ ಮಾಡಿಸಿದ್ದೀವಿ ಕಣ್ರೀ. ಜನ ಕೊಳ್ತಿರೋದು ಅಂಗಿ ಅಲ್ಲ, ಆಸೆ. ಗೆದ್ದುಬಿಟ್ರೆ ಅವರಿಗೆ ಆಸೆಪಡೋಕೆ ಏನು ಉಳಿಯತ್ತೆ?"

ಮಹಾರಾಜರು ಗಹನವಾಗಿ ಚಿಂತಿಸಿ, ಅರ್ಥಾತ್ ಮಂತ್ರಿ ಬರೆದುಕೊಟ್ಟದ್ದನ್ನು ಓದಿ, ಶಾಸನ ಹೊರಡಿಸಿದರು: "ಸ್ವಸ್ತಿಶ್ರೀ. ಕಾಲೇಜು ತಂಡ ಹೊಡೆಯುವ ಗೋಲುಗಳೆಲ್ಲ ಇನ್ನು ಅರಮನೆಯ ಆಸ್ತಿ. ಮಾರುಕಟ್ಟೆಯ ಟ್ರೆಂಡ್ ನೋಡಿಕೊಂಡು, ಶುಭಮುಹೂರ್ತದಲ್ಲಿ ಬಿಡುಗಡೆ ಮಾಡಲಾಗುವುದು."

"ಪ್ರಭುಗಳು ಆಡದೆಯೇ ಗೆದ್ದಿರಿ!" ಎಂದು ಆಸ್ಥಾನಕವಿ ಕಣ್ಣೊರೆಸಿಕೊಂಡ.

ಹೊಡೆದ ಗೋಲನ್ನು ಯಾರು ತಾನೇ ಹಿಡಿದಿಟ್ಟಾರು ಎಂದು ಚೆಲುವಯ್ಯನವರು ನಕ್ಕುಬಿಟ್ಟರು. ಪಾಪ, ಆಟ ಬಲ್ಲವರು, ಆಡಳಿತ ಬಲ್ಲವರಲ್ಲ.

ಪಂದ್ಯದ ಕೊನೆಯ ನಿಮಿಷದವರೆಗೆ ಎರಡೂ ಕಡೆ ಸೊನ್ನೆ. ಆಗ ಮಾಚಯ್ಯ ಮೂವರನ್ನು ದಾಟಿ ಬಾರಿಸಿದ, ಚೆಂಡು ಬಲೆಯೊಳಗೆ! ಚೆಲುವಯ್ಯನವರು ಮಗುವಿನಂತೆ ಅತ್ತರು. ರೆಫರಿ ಸೀಟಿ ಬಾಯಿಗಿಟ್ಟವನು ಊದಲಿಲ್ಲ, ರಾಜರ ಗ್ಯಾಲರಿಯತ್ತ ನೋಡಿದ. ಅಪ್ಪಣೆಯ ಸನ್ನೆಯಾಗಿ ಶ್ವೇತಚ್ಛತ್ರ ಮೇಲೆದ್ದಿತು. ಇಬ್ಬರು ಭಟರು ಬೆಳ್ಳಿಯ ತಟ್ಟೆ ತಂದು, ಮಹಜರು ಬರೆದು, ಚೆಂಡನ್ನು ಎತ್ತಿಕೊಂಡು ಹೋದರು. ಗೋಲು ಅರಮನೆಯ ವಶವಾದ್ದರಿಂದ ಗೆಲುವನ್ನು ಸಂಪ್ರದಾಯದಂತೆ ನೆರೆರಾಜ್ಯಕ್ಕೇ ಕೊಡಲಾಯಿತು.

ಈಗ ಜನ ದಂಗೆಯೇಳುತ್ತಾರೆ ಎಂದುಕೊಂಡು ಚೆಲುವಯ್ಯನವರು ತಿರುಗಿ ನೋಡಿದರು. ಜನ ಎದ್ದಿದ್ದರು ನಿಜ, ಜೆರ್ಸಿ ಅಂಗಡಿಯ ಕಡೆಗೆ.

"ಅಳಬೇಡಿ ಮಾಸ್ತರೇ," ಎಂದು ಹೂವಿನ ಪುಟ್ಟಗೌರಮ್ಮ ಓಡುತ್ತಲೇ ಕೂಗಿದಳು, "ಗೋಲು ನಮ್ದೇ ಅಲ್ವಾ, ಅರಮನೇಲಿ ಭದ್ರವಾಗಿರತ್ತೆ!"

ತಿಂಗಳೊಳಗೆ ಆ ಚೆಂಡಿಗೆ ದರ್ಬಾರ್ ಹಾಲಿನಲ್ಲಿ ಪಟ್ಟಾಭಿಷೇಕವಾಯಿತು. ತಲೆಯ ಮೇಲೆ ಕಿರೀಟ, ಪಕ್ಕದಲ್ಲಿ ಚಾಮರ, ದರ್ಶನಕ್ಕೆ ಟಿಕೆಟ್, ಹಳದಿ ಜೆರ್ಸಿ ಕಡ್ಡಾಯ. ಸಾಲು ಊರಾಚೆಯವರೆಗೆ. ಆ ಸಾಲಿನಲ್ಲಿ ಚೆಲುವಯ್ಯನವರೂ ಇದ್ದರು. ಮೊದಲ ಪಿಂಚಣಿಯಲ್ಲಿ ಕೊಂಡ ಜೆರ್ಸಿ ಹೊಟ್ಟೆಯ ಬಳಿ ಬಿಗಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಸರದಿ ಬಂತು. ಕಣ್ಣರಳಿಸಿ ಒಂದು ಹೆಜ್ಜೆ ಮುಂದಿಟ್ಟರು.

"ಮುಂದೆ ಹೋಗಿ ಅಜ್ಜ," ಎಂದ ಭಟ. "ಇದು ಬರೀ ನೋಡೋ ಟಿಕೆಟ್ಟು. ಚಪ್ಪಾಳೆ ಹೊಡೀಬೇಕಂದ್ರೆ ಬೇರೆ ಕೌಂಟರು."

ಚೆಲುವಯ್ಯನವರು ಆ ಕೌಂಟರು ಎಲ್ಲಿದೆ ಎಂದು ಕೇಳಿದರು.