ಬೆಳ್ಳಿ ಕಿರೀಟದ ತೋಟೆ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿದ್ದದ್ದು ಡಬ್ಬಿಗಳನ್ನು ಬೆಳಕಿಗೆ ಹಿಡಿದು ನೋಡುವ ಚಟ. ಸೋಪಿರಲಿ, ಹಲ್ಲುಪುಡಿಯಿರಲಿ, ತಲೆನೋವಿನ ಮುಲಾಮಿರಲಿ, ಅಂಗಡಿಯವನು ಕೈಗೆ ಕೊಟ್ಟ ಕೂಡಲೇ ಕಿಟಕಿಯ ಹತ್ತಿರ ಹೋಗಿ, ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಅದು ಅಸಲಿಯೋ ನಕಲಿಯೋ ಎಂದು ನಿರ್ಧರಿಸದಿದ್ದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಇದಕ್ಕೆಲ್ಲ ಪತ್ರಿಕೆಗಳ ಜಾಹೀರಾತುಗಳೇ ಕಾರಣ. 'ನಕಲಿಗಳನ್ನು ನಂಬಿ ಮೋಸಹೋಗಬೇಡಿ, ನಮ್ಮ ಗುರುತನ್ನು ನೋಡಿಯೇ ಕೊಳ್ಳಿ' ಎಂದು ಅವರು ದಿನವೂ ಬೇಡಿಕೊಳ್ಳುವಾಗ, ಬಿ.ಎ. ಓದಿ ಮಡಿಕೇರಿಯಲ್ಲಿ ಹೈಸ್ಕೂಲು ಮೇಷ್ಟ್ರಾಗಿರುವ ಮನುಷ್ಯ ನೋಡದೆ ಇರುವುದು ಹೇಗೆ? ನಾನು ನೋಡಿದೆ. ನೋಡುವುದಕ್ಕೆಂದೇ ಒಂದು ಭೂತಗನ್ನಡಿ ಕೊಂಡೆ. ಆ ಕನ್ನಡಿಯೇ ಅಸಲಿಯೋ ಅಲ್ಲವೋ ಎಂದು ಪರೀಕ್ಷಿಸಲು ಇನ್ನೊಂದು ಕನ್ನಡಿ ಇರಲಿಲ್ಲವಾದ್ದರಿಂದ ಅದನ್ನು ಮಾತ್ರ ನಂಬಿಕೆಯ ಮೇಲೆ ತಂದದ್ದು.

ನನ್ನ ಹೆಂಡತಿ ದಮಯಂತಿ ಮೊದಮೊದಲು ನಕ್ಕಳು. ಅವಳ ತಲೆಯೆಣ್ಣೆಯ ಸೀಸೆಯ ಮೇಲಿನ ಹೆಂಗಸಿಗೆ ಜಡೆ ಎಡಗಡೆಗಿರಬೇಕು, ಇದರಲ್ಲಿ ಬಲಗಡೆಗಿದೆ ಎಂದು ಹೇಳಿ ನಾನು ಅದನ್ನು ಬಚ್ಚಲಿಗೆ ಸುರಿದ ದಿನ ಮಾತ್ರ ನಗಲಿಲ್ಲ. ಆಮೇಲೆ ವಿಚಾರಿಸಿದಾಗ ಕಂಪನಿಯವರೇ ಹೆಂಗಸನ್ನು ಬದಲಾಯಿಸಿದ್ದರೆಂದು ತಿಳಿಯಿತು. ಆದರೂ ನನ್ನ ಖ್ಯಾತಿಗೆ ಕುಂದೇನೂ ಬರಲಿಲ್ಲ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ಕಚೇರಿಗಳಲ್ಲಿ ಹಳೆಯ ಮೊಹರು ಹೋಗಿ ಹೊಸ ಮೊಹರು ಬಂದು, ಯಾವುದು ನಿಜವಾದ ಕಾಗದ ಎಂದು ಗುಮಾಸ್ತರಿಗೇ ಅನುಮಾನ. ಇಂಥ ಹೊತ್ತಿನಲ್ಲಿ 'ಇದು ಸರಿಯಾಗಿದೆ' ಎಂದು ಗಟ್ಟಿಯಾಗಿ ಹೇಳುವವನೊಬ್ಬ ಸಿಕ್ಕಿದರೆ ಜನ ಬಿಡುತ್ತಾರೆಯೇ? ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಯಾವಾಗಲೂ ಯಾರದಾದರೂ ಪೌಡರ್ ಡಬ್ಬಿ ತೀರ್ಪಿಗಾಗಿ ಕಾದಿರುತ್ತಿತ್ತು.

ಈ ಖ್ಯಾತಿ ಸಂಪಾಜೆಯ ಹತ್ತಿರದ ನನ್ನ ಮಾವನ ತೋಟದವರೆಗೂ ಇಳಿದುಹೋಗಿತ್ತು. ಮಾವನ ಕಷ್ಟ ಎಣ್ಣೆಯದಲ್ಲ, ತೋಟೆಯದು. ಕೋವಿಗೆ ಹಾಕುವ ತೋಟೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿ, ಊಟಕ್ಕೆ ಮೊದಲು ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಮೊದಲ ಗುಂಡು ಮನೆಯ ಹಿರಿಯರದು. ಮೂವತ್ತು ವರ್ಷ ಮಾವನೇ ಆ ಮೊದಲ ಗುಂಡು ಹೊಡೆದು ಕಾಯಿ ಒಡೆದಿದ್ದರು. ಹಿಂದಿನ ವರ್ಷ ಮಾತ್ರ ಕಾಯಿ ಹಾಗೇ ಉಳಿಯಿತು. ಅದರ ಹಿಂದಿನ ವರ್ಷವೂ ಉಳಿದಿತ್ತೆಂದು ದಮಯಂತಿ ಹೇಳುತ್ತಾಳೆ, ಗಾಳಿಗೆ ಕಾಯಿ ಅಲ್ಲಾಡಿತೆಂದು ಆಗ ಮನೆಯವರೆಲ್ಲ ಒಪ್ಪಿಕೊಂಡಿದ್ದರಂತೆ. ಮಾವನ ಕಣ್ಣು ಮಂಜಾಗಿದೆ, ಇನ್ನು ಮೊದಲ ಗುಂಡನ್ನು ಮಗ ಕುಶಾಲಪ್ಪನಿಗೆ ಬಿಟ್ಟುಕೊಡುವುದು ಒಳ್ಳೆಯದು ಎಂದು ಬಂಧುಗಳಲ್ಲಿ ಮೆಲ್ಲಗೆ ಮಾತು ಹೊರಟಿತ್ತು. ಈ ವರ್ಷವೂ ತಪ್ಪಿದರೆ ಮಾತು ಮೆಲ್ಲಗಿರುವುದಿಲ್ಲ ಎಂಬುದು ಮಾವನಿಗೂ ಗೊತ್ತಿತ್ತು.

ಮನೆಯೊಳಗೆ ಅವರದು ಅರೆಭಾಷೆ. ಮೈಸೂರಿನಲ್ಲಿ ಬೆಳೆದ ನನ್ನೊಡನೆ ಮಾತ್ರ ಪೇಟೆಯ ಕನ್ನಡವನ್ನು ಹೊಸ ಅಂಗಿಯಂತೆ ತೊಟ್ಟುಕೊಂಡು ಮಾತಾಡುತ್ತಿದ್ದರು. ಹಬ್ಬಕ್ಕೆ ಎರಡು ವಾರ ಮೊದಲು ಮಡಿಕೇರಿಗೆ ಬಂದವರು, ಮಗಳು ಕಾಫಿ ತರಲು ಒಳಗೆ ಹೋದದ್ದನ್ನು ನೋಡಿಕೊಂಡು ನನ್ನ ಹತ್ತಿರಕ್ಕೆ ಸರಿದು ಕುಳಿತರು.

"ಅಳಿಯಂದಿರೇ, ನನ್ನ ಕಣ್ಣಿಗೆ ಎಂತದೂ ಆಗಿಲ್ಲ. ಈಗ ಬರುವ ತೋಟೆ ಸರಿ ಇಲ್ಲ. ನೀವು ಓದಿದವರು, ಒಂದು ಒಳ್ಳೆ ಪೆಟ್ಟಿಗೆ ನೋಡಿ ತನ್ನಿ."

ಅಷ್ಟು ದೊಡ್ಡ ಮನುಷ್ಯ ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಮುಂದಿನ ಶುಕ್ರವಾರದ ಸಂತೆಯಲ್ಲಿ, ಘಟ್ಟದ ಕೆಳಗಿನಿಂದ ಬಂದಿದ್ದ ಒಬ್ಬ ಮಾರುವವನು ಗುಟ್ಟಾಗಿ ಎರಡು ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟ. ಸೀಮೆಯ ತೋಟೆ ಬರುವುದೇ ಅಪರೂಪವಾಗಿದ್ದ ದಿನಗಳು. ಗುಟ್ಟಾಗಿ ಮಾರುವುದನ್ನೇ ನಾನು ಅಸಲಿತನದ ಒಂದು ಗುರುತೆಂದುಕೊಂಡೆ. ಎರಡು ಪೆಟ್ಟಿಗೆಯ ಮೇಲೂ ಬೆಳ್ಳಿ ಕಾಗದದ ಕಿರೀಟದ ಮುದ್ರೆ. ಓರೆ ಮಾಡಿದರೆ ಕಿರೀಟದ ಮೇಲೆ ಬೆಳಕು ಹರಿದಾಡಬೇಕು, ಅದೇ ಗುರುತು. ಒಂದರ ಕಿರೀಟ ಮಂಕಾಗಿ, ಮೂಲೆ ಸ್ವಲ್ಪ ಮಡಚಿಕೊಂಡು, ಅಂಚಿನಲ್ಲಿ ಶಾಯಿ ಹರಡಿ ಬಡಪಾಯಿಯಂತಿತ್ತು. ಇನ್ನೊಂದರ ಕಿರೀಟ ಆಹಾ, ಮದುವೆ ಮನೆಯ ದೀಪದ ಹಾಗೆ ಝಗಝಗಿಸುತ್ತಿತ್ತು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದೆ. ಸುತ್ತ ಹತ್ತು ಜನ ನಿಂತರು. ಹತ್ತು ಜನ ನಿಂತಾಗ ಅನುಮಾನ ಪಡುವುದು ನನಗೆ ಅಭ್ಯಾಸವಿಲ್ಲ. ಮಂಕು ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿ, ಝಗಝಗಿಸುವುದನ್ನು ಕೊಂಡುಬಂದೆ. ಪೆಟ್ಟಿಗೆಯ ಒಳಗಿದ್ದ ತೋಟೆಗಳನ್ನು ನೋಡಿದೆನೇ ಎಂದು ಕೇಳಬೇಡಿ. ಗುರುತು ಇದ್ದದ್ದು ಹೊರಗೆ.

ಹಬ್ಬದ ಬೆಳಿಗ್ಗೆ ಮಳೆ ಬಿಟ್ಟಿತ್ತು. ಸಿಲ್ವರ್ ಓಕ್ ಮರದ ತುದಿಗೆ ಕಾಯಿ ಕಟ್ಟಿದ್ದರು. ಮಾವ ಕರಿಕೋಟು ಹಾಕಿ, ಹೂ ಮುಡಿಸಿದ ಕೋವಿಗೆ ನನ್ನ ತೋಟೆ ಹಾಕಿ, ನಿಧಾನವಾಗಿ ಎತ್ತಿ ಗುರಿಹಿಡಿದು ಬೆರಳಿನಿಂದ ಕೋವಿಯ ಕುದುರೆ ಎಳೆದರು. ಟಿಕ್ ಎಂದಿತು, ಅಷ್ಟೇ. ಗುಂಡು ಹಾರಲಿಲ್ಲ.

ಇಲ್ಲಿ ಆ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಗುಂಡು ಹಾರದಿದ್ದರೆ ಕೋವಿಯನ್ನು ಇಳಿಸಕೂಡದು. ನಳಿಗೆಯನ್ನು ಹಾಗೇ ಮೇಲಕ್ಕೆ ಹಿಡಿದುಕೊಂಡು, ಮನೆಯಲ್ಲಿ ಗತಿಸಿದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ಮುಗಿಸಬೇಕು. ಹಿರಿಯರು ಮುನಿದಿದ್ದರೆ ಸಮಾಧಾನವಾಗಲಿ ಎಂದು. ನಾನು ಇದನ್ನು ಮೂಢನಂಬಿಕೆ ಎಂದು ತಿಳಿದಿದ್ದೆ. ಒಳಗೆ ಹೊಗೆಯಾಡುವ ಮದ್ದು ತಡವಾಗಿ ಸಿಡಿಯಬಹುದೆಂದು ಕಂಡುಕೊಂಡ ಯಾರೋ ಪುಣ್ಯಾತ್ಮರು ಮಾಡಿಟ್ಟ ಪಾಠವೆಂದು ಈಗ ತಿಳಿದಿದ್ದೇನೆ. ಮಾವ ಮೊದಲ ಹೆಸರು ಹೇಳಿದರು. ಎರಡನೆಯದನ್ನು ಹೇಳಿದರು. ಹಿಂದೆ ಯಾರೋ ಕಿಸಕ್ಕೆಂದರು. ನನ್ನ ತೋಟೆಗೆ ಆದ ಅವಮಾನವನ್ನು ಸಹಿಸಲಾರದೆ ನಾನು ನಾಲ್ಕು ಹೆಜ್ಜೆ ಮುಂದೆ ಬಂದು, "ಮಾವ, ತೋಟೆ ಅಸಲಿ, ನೀವು ಕುದುರೆ ಗಟ್ಟಿಯಾಗಿ ಎಳೆದಿಲ್ಲ" ಎಂದೆ.

ಅಳಿಯ ಮಾತಾಡಿದರೆ ಅವನ ಕಡೆಗೆ ಮುಖ ತಿರುಗಿಸಿ ಕೇಳುವುದು ಆ ಮನೆಯ ಮರ್ಯಾದೆ. ಮಾವ ಮರ್ಯಾದಸ್ಥರು. ಮುಖದ ಜೊತೆಗೆ ಹೆಗಲು ತಿರುಗಿತು, ಹೆಗಲಿನ ಜೊತೆಗೆ ಕೋವಿ ತಿರುಗಿ ನಳಿಗೆ ಕೆಳಗಿಳಿಯಿತು, ಆಗ ಗುಂಡು ಹಾರಿತು.

ಸದ್ದನ್ನು ನಾನು ಕೇಳಿದೆನೋ ಇಲ್ಲವೋ ಹೇಳಲಾರೆ. ತಲೆಯ ಮೇಲೆ ಯಾರೋ ಸೀರೆ ಸರಕ್ಕನೆ ಹರಿದ ಹಾಗಾಯಿತು. ಹಿಂದಿನ ಬಾಳೆಗಿಡದಿಂದ ಬಾಳೆಮೂತಿಯೊಂದು ಕಡಿದು ನನ್ನ ಕಾಲ ಬಳಿ ಬಿತ್ತು. ಅದನ್ನು ನೋಡುತ್ತ, ಇದು ನನ್ನ ತಲೆಯೇ ಇರಬೇಕು ಎಂದು ಒಂದು ಗಳಿಗೆ ನಿಜವಾಗಿಯೂ ಅಂದುಕೊಂಡೆ. ಇದಾಗಿ ಎಷ್ಟೋ ವರ್ಷವಾಯಿತು, ಈಗಲೂ ಕ್ಲಾಸಿನಲ್ಲಿ ಡೆಸ್ಕಿನ ಮುಚ್ಚಳ ಬಡಿದರೂ ಬೋರ್ಡಿಗೆ ಅಂಟಿಕೊಂಡುಬಿಡುತ್ತೇನೆ. ಸ್ನಾನ ಮಾಡುವಾಗ, ಬೂಟಿನ ದಾರ ಕಟ್ಟುವಾಗ, ಆ ನಾಲ್ಕು ಹೆಜ್ಜೆಗಳನ್ನು ಮತ್ತೆ ಮತ್ತೆ ಇಡುತ್ತೇನೆ. ಐದನೆಯ ಹೆಜ್ಜೆ ಇಟ್ಟಿದ್ದರೆ ಎಂದು ಯೋಚಿಸುತ್ತೇನೆ. ಆಮೇಲೆ ಬೂಟನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ, ಎಡದ್ದು ಬಲಕ್ಕೆ ಹಾಕಿರುತ್ತೇನೆ.

ಮೊದಲು ಅಲ್ಲಾಡಿದವನು ಕುಶಾಲಪ್ಪ. ಓಡಿಬಂದು ಅಪ್ಪನ ಕೈಯಿಂದ ಕೋವಿ ತೆಗೆದುಕೊಂಡ. "ಅಪ್ಪ, ಇನ್ನ್ ನಿಮ್ಮ ಕೈಲಿ ಕೋವಿ ಬೊತ್ತು," ಎಂದ. ಬೇಡ ಎನ್ನುವುದಕ್ಕೆ ಅವರ ಮಾತು ಅದು. ಸಿಟ್ಟಿನಿಂದ ಹೇಳಲಿಲ್ಲ, ಹೆದರಿ ಹೇಳಿದ. ಮಾವ ಕೋವಿ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟ ಮೇಲೆ ಆ ಎರಡು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವರಿಗೆ ತಿಳಿಯಲಿಲ್ಲ. ಕೋಟಿನ ಜೇಬಿಗೆ ಹಾಕಿದರು, ತೆಗೆದರು, ಹಿಂದೆ ಕಟ್ಟಿಕೊಂಡರು.

ನಾನು ಒಳಗೆ ಹೋದೆ. ಹೆದರಿ ಹೋದೆನೆಂದು ಎಲ್ಲರೂ ತಿಳಿದರು, ಅದೂ ಸುಳ್ಳಲ್ಲ. ಪೆಟ್ಟಿಗೆ ತೆಗೆದು ಒಳಗಿನ ತೋಟೆಗಳನ್ನು ಜಗಲಿಯ ಬೆಳಕಿಗೆ ತಂದೆ. ಹಿತ್ತಾಳೆಯ ಬುಡದ ತುಂಬ ಹಳೆಯ ಗೀರುಗಳು, ಒಮ್ಮೆ ಹೊಡೆದು ಬಿಸಾಡಿದ ಖಾಲಿ ತೋಟೆಗಳಿಗೇ ನಾಡಮದ್ದು ತುಂಬಿ ಬಾಯಿಗೆ ಮೇಣ ಮೆತ್ತಿದ್ದರು. ಕಿರೀಟವನ್ನು ಉಗುರಿನಿಂದ ಕೆರೆದೆ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ತಂಬಾಕಿನ ವಾಸನೆ ಇನ್ನೂ ಹೋಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಪ್ಪು ಮುದುಕರ ಕೈಯದು ಎಂದು ಆಗಲೇ ತೀರ್ಮಾನವಾಗಿತ್ತು. ಆ ಯೋಚನೆ ನನಗೆ ಬರಲಿಲ್ಲವೆಂದು ಹೇಳಿದರೆ ನೀವು ನಂಬುವುದಿಲ್ಲ.

ಹೊರಗೆ ಬಂದು ಎಲ್ಲರಿಗೂ ಕಾಣುವಂತೆ ಪೆಟ್ಟಿಗೆ ಹಿಡಿದು, ಇದು ನಕಲಿ, ಆರಿಸಿದವನು ನಾನು, ಮಾವ ಕೋವಿಯನ್ನು ಮೇಲಕ್ಕೇ ಹಿಡಿದಿದ್ದರು, ಅವರನ್ನು ಮಾತಾಡಿಸಿ ತಿರುಗಿಸಿದವನೂ ನಾನೇ ಎಂದು ಹೇಳಿದೆ.

ಕುಶಾಲಪ್ಪ ಪೆಟ್ಟಿಗೆಯನ್ನು ನೋಡಿದ, ನನ್ನನ್ನು ನೋಡಿದ. "ಭಾವ, ಭೂತಗನ್ನಡಿ ಹಿಡಿದು ನೋಡಿಯೇ ತಂದದ್ದಲ್ವ?"

"ಹೌದು."

"ಕನ್ನಡಿ ಇಲ್ಲದೆ ತಂದಿದ್ರೆ ಎಂತ ಗತಿ."

ಜನ ನಕ್ಕರು. ನಗು ಮಾವನ ಮೇಲಿಂದ ಎದ್ದು ನನ್ನ ಮೇಲೆ ಬಂದು ಕುಳಿತದ್ದು ನನಗೆ ಸ್ಪಷ್ಟವಾಗಿ ತಿಳಿಯಿತು. ಕುಶಾಲಪ್ಪ ತಾನೇ ಕೋವಿಯನ್ನು ಒರೆಸಿ ಅಪ್ಪನ ಕೈಗೆ ಕೊಟ್ಟ. ಮಾವ ಒಳಗಿನ ಮರದ ಪೆಟ್ಟಿಗೆಯಿಂದ ತಮ್ಮ ಹಳೆಯ ತೋಟೆಗಳನ್ನು ತರಿಸಿದರು. ಒಳ್ಳೆಯ ಕಾಲದಲ್ಲಿ ಕೊಂಡು ಜೋಪಾನವಾಗಿಟ್ಟವು. ಒಂದನ್ನು ಅಂಗೈಯಲ್ಲಿ ಉರುಳಿಸಿ, ಮೂಸಿ, ಕೋವಿಗೆ ಹಾಕಿದರು. ಈ ಸಲ ನಾನು ಕಣದಾಚೆಯ ಹಲಸಿನ ಮರದ ಹಿಂದೆ ನಿಂತೆ. ಗುಂಡು ಗಂಟೆ ಹೊಡೆದಂತೆ ಹಾರಿತು. ಕಾಯಿ ಅಲ್ಲಾಡಲೂ ಇಲ್ಲ. ಗಾಳಿಯೂ ಇರಲಿಲ್ಲ.

ಮಾವ ಕೋವಿಯನ್ನು ಬಾಗಿಸಿ ತೆರೆದು ಖಾಲಿ ತೋಟೆ ತೆಗೆದರು. ಮರದ ಹಿಂದಿನವರೆಗೆ ನಡೆದುಬಂದು, ಇನ್ನೂ ಬಿಸಿಯಿದ್ದ ಅದನ್ನು ನನ್ನ ಅಂಗೈಯಲ್ಲಿಟ್ಟರು.

"ಅಳಿಯಂದಿರೇ, ಇದನ್ನೂ ಒಮ್ಮೆ ನೋಡಿ ಹೇಳಿ."

ಭೂತಗನ್ನಡಿ ತೆಗೆದೆ. ಹೊಳೆಯುವ ಹಿತ್ತಾಳೆ, ಒಂದು ಗೀರಿಲ್ಲ, ಅಕ್ಷರಗಳು ಕೊರೆದಿಟ್ಟಂತಿವೆ. ಅಷ್ಟು ಅಪ್ಪಟ ತೋಟೆಯನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ನಿಜವಾಗಿಯೂ ಬೂದಿಬಣ್ಣದ ಪೊರೆ ಕಟ್ಟಿತ್ತು.

"ಇದೂ ನಕಲಿ," ಎಂದೆ ಗಟ್ಟಿಯಾಗಿ.

"ಹಾಗೇ ಕಂಡಿತು ನನಗೂ," ಎಂದರು ಮಾವ, ಮತ್ತು ಕೋವಿಯನ್ನು ಮಗನಿಗೆ ಕೊಟ್ಟರು. ಕುಶಾಲಪ್ಪ ಅದೇ ಮರದ ಪೆಟ್ಟಿಗೆಯಿಂದ ಇನ್ನೊಂದು ತೋಟೆ ತೆಗೆದು ಒಂದೇ ಏಟಿಗೆ ಕಾಯಿಯನ್ನು ಚೂರು ಮಾಡಿದ. ನೀರು ನಮ್ಮೆಲ್ಲರ ಮೇಲೆ ಹನಿಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ಒಂದೊಂದು ಪೆಟ್ಟಿಗೆಯಲ್ಲಿ ಒಂದೆರಡು ಹಾಗೆ ಸೇರಿಕೊಂಡಿರುತ್ತವೆ, ಇದು ಕಂಪನಿಗಳಲ್ಲಿ ಸಾಮಾನ್ಯ ಎಂದು ನಾನು ವಿವರಿಸಿದೆ. ಕುಶಾಲಪ್ಪ ಸ್ವಲ್ಪ ಹೊತ್ತು ಅಪ್ಪನನ್ನು ನೋಡಿ, ಆಮೇಲೆ, ಬರುವ ವರ್ಷ ಅಪ್ಪನ ಗುಂಡಿಗೆ ತೋಟೆ ತಾನೇ ತರುವುದಾಗಿಯೂ, ಭಾವನವರು ದಯವಿಟ್ಟು ಅದನ್ನು ಮುಟ್ಟಬಾರದೆಂದೂ ಹೇಳಿದ. ಮಾವ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಊಟಕ್ಕೆ ನಡೆದರು.

ಎಲೆಯ ಮೇಲೆ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿ ಸಾರು, ಅಂಚಿನಲ್ಲಿ ಆ ಬಾಳೆಮೂತಿಯ ಪಲ್ಯ. ಪಲ್ಯವನ್ನು ನಾನು ಮುಟ್ಟಲಿಲ್ಲ. ಬಡಿಸುತ್ತ ಬಂದ ದಮಯಂತಿ ನನ್ನ ಮುಂದೆ ಸ್ವಲ್ಪ ಹೆಚ್ಚು ಹೊತ್ತೇ ಬಗ್ಗಿ ನಿಂತಳು.

"ಆ ಎರಡನೇ ತೋಟೆ ಸರಿಯಾಗೇ ಇತ್ತಲ್ಲ?" ಎಂದಳು ಮೆಲ್ಲಗೆ.

ನಾನು ಪಲ್ಯವನ್ನು ಇನ್ನಷ್ಟು ಅಂಚಿಗೆ ತಳ್ಳಿದೆ.

"ಇಷ್ಟು ಚೆನ್ನಾಗಿ ಸುಳ್ಳು ಹೇಳ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ," ಎಂದು ಇನ್ನೊಂದು ಸೌಟು ಸಾರು ಬಿಟ್ಟಳು. ಆಮೇಲೆ ಏನೋ ಹೊಳೆದು ಸೌಟನ್ನು ಹಾಗೇ ಹಿಡಿದುಕೊಂಡು ಕೇಳಿದಳು. "ಅಲ್ಲ, ನನ್ನನ್ನು ನೋಡೋಕೆ ಬಂದ ದಿನ ನಾನು ಮಾಡಿದ ಪಾಯಸ ಅಮೃತದ ಹಾಗಿದೆ ಅಂದಿದ್ರಲ್ಲ. ಅದು?"

ಆ ದಿನ ಪಾಯಸಕ್ಕೆ ಅವಳು ಉಪ್ಪು ಹಾಕಿದ್ದಳು. ನಾನು ಒಂದು ಇಡೀ ಕಡಂಬುಟ್ಟನ್ನು ಬಾಯಿಗೆ ತುರುಕಿಕೊಂಡೆ.