ನಲವತ್ತು ಪ್ರಶ್ನೆಗಳ ಗಿಣಿ

"ಗಿಣಿ ತರೋದೇನೋ ತರೋಣ. ಆದರೆ ಅದನ್ನ ಸಾಕಿದವರ ಯೋಗ್ಯತೆ ಅಳೆದು ನೋಡದೆ ಒಂದು ಪುಕ್ಕವೂ ಈ ಹೊಸ್ತಿಲು ದಾಟಲ್ಲ," ಎಂದು ಯಜಮಾನರು ಊಟದ ಮೇಜಿನ ಮುಂದೆ ಘೋಷಿಸಿದರು.

ಯಜಮಾನರು ಬಿಸ್ಕತ್ತು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕರು. ಇಪ್ಪತ್ತೆರಡು ವರ್ಷಗಳಿಂದ ಹುಳುಕು ಹುಡುಕುವುದರಲ್ಲಿ ಎತ್ತಿದ ಕೈ. ಮಾತೆಲ್ಲ ಅಲ್ಲೇ ಖರ್ಚಾಗಿ, ಮನೆಗೆ ಬರುವಾಗ ಬಾಯಿ ಬರಿದಾಗಿರುತ್ತಿತ್ತು. ಮಗಳು ಹಾಸ್ಟೆಲ್ ಸೇರಿದ ಮೇಲಂತೂ ಮನೆ ಎಷ್ಟು ಮೌನವಾಯಿತೆಂದರೆ, ಫ್ರಿಜ್ಜು ಗುಂಯ್ ಎಂದರೆ ಹೆಂಡತಿ "ಏನಂದ್ರಿ?" ಎಂದು ಕೇಳುತ್ತಿದ್ದಳು. ಕೊನೆಗೊಂದು ದಿನ, "ನನಗೊಂದು ಮಾತಾಡೋ ಗಿಣಿ ತಂದುಕೊಡಿ," ಎಂದಳು.

ಮರುದಿನವೇ ನಲವತ್ತು ಪ್ರಶ್ನೆಗಳ ಹಾಳೆ ಸಿದ್ಧವಾಯಿತು. ಪಂಜರದಲ್ಲಿ ರೆಕ್ಕೆ ಪೂರ್ತಿ ಬಿಚ್ಚಲು ಜಾಗವಿದೆಯೆ? ಮರಿ ತಾನಾಗಿ ತಿನ್ನಲು ಕಲಿಯುವ ಮೊದಲೇ ಮಾರುತ್ತಾರೆಯೆ? ದಿನಕ್ಕೆ ಎಷ್ಟು ಹೊತ್ತು ಅದರೊಂದಿಗೆ ಮಾತನಾಡುತ್ತಾರೆ? ಒಂದೊಂದಕ್ಕೂ ಒಂದೊಂದು ಅಂಕ.

ಮೊದಲನೆಯವನು ಬಸ್ ನಿಲ್ದಾಣದ ಹಿಂದಿನ ಅಂಗಡಿಯವನು. ಪುಕ್ಕವೇ ಇಲ್ಲದ ಮರಿಯೊಂದನ್ನು ಅಂಗೈ ಮೇಲಿಟ್ಟು ತಂದ.

"ಈಗಲೇ ತಗೊಂಡು ಹೋಗಿ ಸಾರ್. ನೀವೇ ಗುಟುಕು ಕೊಟ್ಟರೆ ನಿಮಗೇ ಅಂಟಿಕೊಳ್ಳತ್ತೆ."

"ಇನ್ನೂ ಕಣ್ಣೇ ಬಿಟ್ಟಿಲ್ಲವಲ್ರೀ?"

"ಮೊದಲು ನಿಮ್ಮನ್ನೇ ನೋಡಲಿ ಅಂತ."

ಸೊನ್ನೆ. ಎರಡನೆಯವನ ಪಂಜರಗಳು ಷೂ ಡಬ್ಬಿಯಷ್ಟಿದ್ದವು. ಇದರಲ್ಲಿ ರೆಕ್ಕೆ ಬಿಚ್ಚುವುದು ಹೇಗೆಂದು ಕೇಳಿದರೆ, "ಬಿಚ್ಚಿದ್ರೆ ಹಾರಿ ಹೋಗತ್ತಲ್ಲ ಸಾರ್," ಎಂದ. ಅವನಿಗೂ ಸೊನ್ನೆ. ಯಜಮಾನರಿಗೆ ಸೊನ್ನೆ ಹಾಕಿಯೇ ಹೊಟ್ಟೆ ತುಂಬಿತ್ತು. ಹೆಂಡತಿಗೆ ಗಿಣಿ ಮಾತ್ರ ಬಂದಿರಲಿಲ್ಲ.

ಮೂರನೆಯವರು ನಿವೃತ್ತ ನರ್ಸು. ಮನೆಯ ದೊಡ್ಡ ಕೋಣೆ ಹಕ್ಕಿಗಳಿಗೆ, ಚಿಕ್ಕದು ತಮಗೆ. ಪ್ರತಿ ಬೆಳಿಗ್ಗೆ ಮರಿಗಳನ್ನು ತೂಗಿ ಗೋಡೆಯ ಹಲಗೆಯಲ್ಲಿ ತೂಕ ಬರೆಯುತ್ತಿದ್ದರು. ಕುಡಿಯುವ ನೀರಿನ ಬಟ್ಟಲುಗಳು ಆಸ್ಪತ್ರೆಯವಕ್ಕಿಂತ ಸ್ವಚ್ಛವಾಗಿದ್ದವು. ಯಜಮಾನರು ಎಷ್ಟು ಕೆದಕಿದರೂ ಹುಳುಕು ಸಿಗಲಿಲ್ಲ. ನಲವತ್ತಕ್ಕೆ ನಲವತ್ತು. ಹುಟ್ಟಿದಂದಿನಿಂದ ಯಾರಿಗೂ ಪೂರ್ಣಾಂಕ ಕೊಡದವರು ಮೊತ್ತವನ್ನು ಎರಡೆರಡು ಸಲ ಕೂಡಿ ನೋಡಿದರು.

"ಮುಗೀತಾ?" ಎಂದರು ನರ್ಸಮ್ಮ. "ಪ್ರಶ್ನೆಗಳು ಚೆನ್ನಾಗಿವೆ. ಆ ಹಾಳೆ ಇಲ್ಲಿ ಕೊಡಿ. ಮನೆ ನೋಡದೆ ನಾನು ಮರಿ ಕೊಡೋಳಲ್ಲ. ಭಾನುವಾರ ಬರ್ತೀನಿ."

ಬಂದರು, ಅದೇ ಹಾಳೆ ಹಿಡಿದು. ಒಳಗೆ ಕಾಲಿಟ್ಟವರೇ ಮೇಲೆ ನೋಡಿ, "ಹಾರೋ ಹಕ್ಕಿ ಇರೋ ಮನೇಲಿ ಫ್ಯಾನ್ ಹೀಗೆ ತಿರುಗತ್ತಾ?" ಎಂದರು. ಸೊನ್ನೆ. ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ಬಾಣಲೆ ಎತ್ತಿ, "ಇದು ಅತಿಯಾಗಿ ಕಾದರೆ ಆ ಹೊಗೆಗೇ ಗಿಣಿ ಉಸಿರು ನಿಲ್ಲತ್ತೆ," ಎಂದರು. ಅದಕ್ಕೂ ಸೊನ್ನೆ. ಆಮೇಲೆ ಕುರ್ಚಿ ಎಳೆದು ಕೂತು ಹೆಂಡತಿಯ ಕಡೆ ತಿರುಗಿದರು.

"ಇವರು ನಿಮ್ಮ ಜೊತೆ ದಿನಕ್ಕೆ ಎಷ್ಟು ಹೊತ್ತು ಮಾತಾಡ್ತಾರಮ್ಮ?"

"'ಟವೆಲ್ ಎಲ್ಲಿ', 'ಉಪ್ಪು ಕಡಿಮೆ', ಇವನ್ನೂ ಸೇರಿಸಿದ್ರೆ ನಾಲ್ಕು ನಿಮಿಷ."

"ಸೇರಿಸೋ ಹಾಗಿಲ್ಲ."

"ಹಾಗಾದ್ರೆ ಇಲ್ಲ."

ಯಜಮಾನರ ಮುಖ ಹರಳೆಣ್ಣೆ ಕುಡಿದಂತಾಯಿತು. ತಾವು ತೋಡಿದ ಗುಂಡಿಗೆ ತಾವೇ ಬಿದ್ದಿದ್ದರು.

"ಫ್ಯಾನಿಗೆ ಜಾಲರಿ ಹಾಕಿಸಬಹುದು, ಬಾಣಲೆ ಬದಲಾಯಿಸಬಹುದು," ಎಂದರು ನರ್ಸಮ್ಮ. "ಮಾತಿಲ್ಲದ ಮನೇಲಿ ಗಿಣಿ ಕೊರಗಿ ತನ್ನ ಪುಕ್ಕ ತಾನೇ ಕಿತ್ಕೊಳ್ಳತ್ತೆ."

"ಅಯ್ಯೋ ಪಾಪ," ಎಂದಳು ಹೆಂಡತಿ, ಕಿಟಕಿಯ ಕಡೆ ನೋಡುತ್ತಾ. ಆ 'ಪಾಪ' ಗಿಣಿಗಷ್ಟೇ ಅಲ್ಲವೆಂದು ಯಜಮಾನರಿಗೆ ಗೊತ್ತಾಯಿತು. ನಾಚಿಕೆಯಾಯಿತು, ಸಂಕಟವೂ ಆಯಿತು.

"ಮೂರು ತಿಂಗಳು ಟೈಮ್ ಕೊಡ್ತೀನಿ. ದಿನಾ ಸಂಜೆ ಒಂದು ಗಂಟೆ ಇವರ ಜೊತೆ ಮಾತಾಡಿ ಅಭ್ಯಾಸ ಮಾಡ್ಕೊಳ್ಳಿ," ಎಂದು ನರ್ಸಮ್ಮ ಎದ್ದರು.

ಮೊದಲ ಸಂಜೆ ಯಜಮಾನರು ಗಂಟಲು ಸರಿಮಾಡಿಕೊಂಡು ಕೂತರು. ಬಾಯಿಗೆ ಬಂದದ್ದು ಬಿಸ್ಕತ್ತೊಂದೇ.

"ಇವತ್ತು ಬಿಸ್ಕತ್ತು ಸ್ವಲ್ಪ ಕೆಂಪಾಗಿತ್ತು."

"ಯಾಕೆ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವರನ್ನು 'ಯಾಕೆ' ಎಂದು ಕೇಳಿರಲಿಲ್ಲ. ಓವನ್ನಿನಿಂದ ಹಿಡಿದು, ಹಿಟ್ಟಿಗೆ ಬಿದ್ದ ಮ್ಯಾನೇಜರರ ವಿಗ್ಗಿನವರೆಗೆ ಹೇಳಿಬಿಟ್ಟರು. ವಿಗ್ಗಿನ ಕತೆಗೆ ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹೀಗೆ ನಗುತ್ತಾಳೆಂಬುದೇ ಅವರಿಗೆ ಮರೆತುಹೋಗಿತ್ತು. ಎರಡನೇ ತಿಂಗಳಿಗೆ ಬೆಳಿಗ್ಗೆಯೂ ಮಾತು ಶುರುವಾಯಿತು. ಮೂರನೇ ತಿಂಗಳಿಗೆ ಬಚ್ಚಲುಮನೆಯ ಬಾಗಿಲಾಚೆಯಿಂದಲೂ ಬರತೊಡಗಿತು.

ಹೇಳಿದ ದಿನಕ್ಕೆ ಸರಿಯಾಗಿ ನರ್ಸಮ್ಮ ಪಂಜರ ಹಿಡಿದು ಬಂದರು. ಯಜಮಾನರು ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಫ್ಯಾನಿನ ಜಾಲರಿ, ಹೊಸ ಬಾಣಲೆ, ಅದನ್ನು ಕೊಂಡ ಅಂಗಡಿ, ಅಂಗಡಿಯವನ ಮಂಡಿನೋವು, ಎಲ್ಲವನ್ನೂ ವಿವರಿಸಿದರು. ಪಂಜರದಲ್ಲಿದ್ದ ಗಿಣಿ ಆಕಳಿಸಿತು.

"ನಲವತ್ತಕ್ಕೆ ನಲವತ್ತು," ಎಂದು ನರ್ಸಮ್ಮ ಪಂಜರ ಮುಂದೆ ಚಾಚಿದರು. "ತಗೊಳ್ಳಮ್ಮ, ನಿಮ್ಮ ಗಿಣಿ."

ಹೆಂಡತಿ ಗಿಣಿಯನ್ನು ನೋಡಿದಳು. ಮಂಡಿನೋವಿನ ಮುಂದಿನ ಭಾಗಕ್ಕೆ ಬಾಯಿ ತೆರೆದಿದ್ದ ಗಂಡನನ್ನೂ ನೋಡಿದಳು.

"ಬೇಜಾರು ಮಾಡ್ಕೋಬೇಡಿ ನರ್ಸಮ್ಮ," ಎಂದಳು. "ಮಾತಾಡೋದು ಮನೇಲಿ ಒಂದಿದೆ, ಸಾಕು. ಮೀನು ಸಾಕೋರು ಯಾರಾದ್ರೂ ನಿಮಗೆ ಗೊತ್ತಾ?"